ಇನ್‌ಫ್ಲ್ಯಾಮಬಲ್: ಒಂದು ಶಬ್ದದ ವಿಗ್ರಹವಾಕ್ಯ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ಇಂಗ್ಲಿಷ್ ಶಬ್ದಗಳನ್ನು ನಾವು ಕಲಿಯುತ್ತಿರುವ ಕ್ರಮದಲ್ಲಿ ಮೂಲಭೂತವಾದ ದೋಷವೊಂದಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ತೋರಿಸಲು ನೂರು ಶಬ್ದಗಳ ಪಟ್ಟಿ ಬೇಕಾಗಿಲ್ಲ. ಒಂದೇ ಶಬ್ದ ಸಾಕು. ಹೆದ್ದಾರಿಯಲ್ಲಿ ಪೆಟ್ರೋಲು ಹೊತ್ತು ಸಾಗುವ ಟ್ಯಾಂಕರುಗಳ ಬೆನ್ನ ಮೇಲೆ ದಪ್ಪ ಅಕ್ಷರಗಳಲ್ಲಿ ‘ಹೈಲಿ ಇನ್‌ಫ್ಲ್ಯಾಮಬಲ್’ ಎಂದು ಬರೆದಿರುವುದನ್ನು ಬಸ್ಸಿನ ಕಿಟಕಿಯಿಂದ ನೋಡದವರು ನಮ್ಮಲ್ಲಿ ಯಾರೂ ಇರಲಾರರು. ನೋಡಿದ್ದೇವೆ, ಅರ್ಥವೇನೆಂದು ಕೇಳಿಕೊಂಡವರು ಕಡಿಮೆ.

ವ್ಯಾಕರಣದ ಕೈಪಿಡಿಯನ್ನೇ ನಂಬಿ ನಡೆಯುವ ವಿದ್ಯಾರ್ಥಿ ಹೀಗೆ ತರ್ಕಿಸುತ್ತಾನೆ: ‘ಇನ್’ ಎಂಬುದು ನಿಷೇಧವನ್ನು ಹೇಳುವ ಉಪಸರ್ಗ. ‘ಕರೆಕ್ಟ್’ ಎಂದರೆ ಸರಿ, ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲ. ‘ವಿಸಿಬಲ್’ ಎಂದರೆ ಕಾಣುವುದು, ‘ಇನ್‌ವಿಸಿಬಲ್’ ಎಂದರೆ ಕಾಣದುದು. ಆದುದರಿಂದ ‘ಫ್ಲ್ಯಾಮಬಲ್’ ಎಂದರೆ ಬೆಂಕಿ ಹತ್ತುವಂಥದು, ‘ಇನ್‌ಫ್ಲ್ಯಾಮಬಲ್’ ಎಂದರೆ ಬೆಂಕಿ ಹತ್ತದಂಥದು. ತರ್ಕದಲ್ಲಿ ಲೋಪವೇನೂ ಕಾಣುವುದಿಲ್ಲ. ಫಲ ಮಾತ್ರ ಭಯಂಕರ. ಏಕೆಂದರೆ ಈ ಎರಡು ಶಬ್ದಗಳಿಗೂ ಅರ್ಥ ಒಂದೇ. ಎರಡೂ ಬೆಂಕಿ ಹತ್ತುವಂಥವೇ. ‘ವಿರುದ್ಧಾರ್ಥಕ ಪದ ಬರೆಯಿರಿ’ ಎಂಬ ಪ್ರಶ್ನೆಯಲ್ಲಿ ಈ ತರ್ಕ ಒಂದು ಅಂಕವನ್ನು ಕಳೆಯುತ್ತದೆ. ಟ್ಯಾಂಕರಿನ ಬಳಿ ನಿಂತು ಬೀಡಿ ಹಚ್ಚುವವನ ವಿಷಯದಲ್ಲಿ ಏನನ್ನು ಕಳೆಯುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ.

ಹಾಗಾದರೆ ತಪ್ಪಿದ್ದು ಎಲ್ಲಿ? ಶಬ್ದವನ್ನು ಬಿಡಿಸಿದ ರೀತಿಯಲ್ಲಿ. ಸಮಾಸಗಳನ್ನು ಓದಿದ ನಮಗೆ ವಿಗ್ರಹವಾಕ್ಯದ ಮಹತ್ವ ತಿಳಿದೇ ಇದೆ. ಯಾವುದು ಯಾವುದರೊಡನೆ ಮೊದಲು ಕೂಡಿತು ಎಂಬುದರ ಮೇಲೆ ಅರ್ಥ ನಿಂತಿರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಫ್ಲಮ್ಮ’ ಎಂದರೆ ಜ್ವಾಲೆ. ಅದರ ಹಿಂದೆ ‘ಒಳಗೆ, ಒಳಕ್ಕೆ’ ಎಂಬರ್ಥದ ‘ಇನ್’ ಸೇರಿ, ‘ಉರಿ ಹತ್ತಿಸು’ ಎಂಬ ಅರ್ಥದ ಕ್ರಿಯಾಪದವಾಯಿತು. ಇಂಗ್ಲಿಷಿನ ‘ಇನ್‌ಫ್ಲೇಮ್’ ಇದರ ಸಂತತಿ. ಈ ಕ್ರಿಯಾಪದ ಸಿದ್ಧವಾದ ಮೇಲೆ, ‘ಮಾಡಬಹುದಾದ, ಆಗಬಹುದಾದ’ ಎಂಬ ಅರ್ಥವನ್ನು ಕೊಡುವ ‘ಅಬಲ್’ ಪ್ರತ್ಯಯ ಅದರ ತುದಿಗೆ ಹತ್ತಿತು. ನಮ್ಮ ಸ್ಮರಣೀಯ, ಪೂಜನೀಯಗಳಲ್ಲಿ ‘ಅನೀಯ’ ಪ್ರತ್ಯಯ ಮಾಡುವ ಕೆಲಸ ಇದಕ್ಕೆ ಹತ್ತಿರವಾದದ್ದು. ಆದುದರಿಂದ ಸರಿಯಾದ ವಿಗ್ರಹ ‘ಇನ್‌ಫ್ಲೇಮ್ + ಅಬಲ್’, ಉರಿ ಹತ್ತಿಸಬಹುದಾದುದು. ‘ಇನ್ + ಫ್ಲ್ಯಾಮಬಲ್’ ಎಂದು ಬಿಡಿಸುವುದು ರಾಮನ ತಲೆಯನ್ನು ಭೀಮನ ಮುಂಡಕ್ಕೆ ಹೊಲಿದಂತೆ.

ಒಂದೇ ಶಬ್ದವನ್ನು ಎರಡು ರೀತಿಯಲ್ಲಿ ಬಿಡಿಸಿದರೆ ಎರಡು ಅರ್ಥ ಬರುತ್ತದೆ ಎಂಬುದಕ್ಕೆ ನಮ್ಮ ಜೇಬಿನಲ್ಲಿಯೇ ಉದಾಹರಣೆ ಇದೆ. ‘ಅನ್‌ಲಾಕಬಲ್’ ಎಂದರೇನು? ‘ಅನ್‌ಲಾಕ್ + ಅಬಲ್’ ಎಂದರೆ ಬೀಗ ತೆಗೆಯಬಹುದಾದುದು. ‘ಅನ್ + ಲಾಕಬಲ್’ ಎಂದರೆ ಬೀಗ ಹಾಕಲಾಗದುದು. ಮೊಬೈಲು ಮಾರುವವನು ಯಾವುದನ್ನು ಹೇಳುತ್ತಾನೆ, ಕೀಲಿ ಕೆಟ್ಟ ಪೆಟ್ಟಿಗೆಯ ಒಡೆಯ ಯಾವುದನ್ನು ಹೇಳುತ್ತಾನೆ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಯಾವ ಪಟ್ಟಿಯೂ ಇದನ್ನು ಹೇಳಿಕೊಡಲಾರದು.

ನಮ್ಮ ಶಬ್ದ ಇಂಗ್ಲಿಷಿಗೆ ಬಂದದ್ದು 17ನೆಯ ಶತಮಾನದ ಆರಂಭದಲ್ಲಿ. ಲ್ಯಾಟಿನ್ ಬಲ್ಲ ವಿದ್ವಾಂಸರಿಗೆ ಅದರ ಅರ್ಥದಲ್ಲಿ ಸಂಶಯವೇ ಇರಲಿಲ್ಲ. ಹೆನ್ರಿ ಕ್ಯಾವೆಂಡಿಷ್ 1766ರಲ್ಲಿ ಜಲಜನಕದ ಗುಣಗಳನ್ನು ವಿವರಿಸಿದಾಗ ಅದನ್ನು ಕರೆದದ್ದು ‘ಇನ್‌ಫ್ಲ್ಯಾಮಬಲ್ ಏರ್’ ಎಂದೇ, ಎಂದರೆ ಹೊತ್ತಿಕೊಳ್ಳುವ ಗಾಳಿ. ‘ಫ್ಲ್ಯಾಮಬಲ್’ ಎಂಬ ಮೊಟಕು ರೂಪ ಕಾಣಿಸಿಕೊಳ್ಳುವುದು 1813ರಲ್ಲಿ. ಅದೂ ಬಹುಕಾಲ ಯಾರ ಬಾಯಿಗೂ ಹತ್ತಲಿಲ್ಲ. ನಾವು ಮೂಲವೆಂದು ಭಾವಿಸುವ ಶಬ್ದ ಹೀಗೆ ಎರಡು ಶತಮಾನ ಕಿರಿಯದು! ಇನ್ನೊಂದು ವಿನೋದ. ಇದೇ ಮನೆತನದ ‘ಇನ್‌ಫ್ಲಮೇಶನ್’ ಎಂಬ ಶಬ್ದವನ್ನು ವೈದ್ಯರು ದಿನಾ ಹೇಳುತ್ತಾರೆ. ಕನ್ನಡದಲ್ಲಿ ಅದಕ್ಕೆ ‘ಉರಿಯೂತ’ ಎಂಬ ಸೊಗಸಾದ ಶಬ್ದವಿದೆ. ಉರಿಯೂ ಉಂಟು, ಊತವೂ ಉಂಟು. ಅಲ್ಲಿ ‘ಇನ್’ ಇದೆಯೆಂದು ಯಾವ ರೋಗಿಯೂ ಉರಿಯಿಲ್ಲವೆಂದು ತಿಳಿದು ಸಮಾಧಾನಪಟ್ಟುಕೊಂಡಿಲ್ಲ.

ಲ್ಯಾಟಿನಿನಲ್ಲಿ ‘ಇನ್’ ಎಂಬುವು ಎರಡು. ಮುಖ ಒಂದೇ, ಮನೆತನ ಬೇರೆ. ಒಂದು ‘ಒಳಗೆ’ ಎಂದು ಹೇಳುವುದು. ಇನ್ನೊಂದು ‘ಅಲ್ಲ’ ಎಂದು ಹೇಳುವುದು. ಮೊದಲನೆಯದು ಇನ್‌ಕ್ಲೂಡ್, ಇನ್‌ಹೇಲ್, ಇಂಪೋರ್ಟ್ ಮುಂತಾದವುಗಳಲ್ಲಿದೆ. ಗೈಡುಗಳ ಅಂಚಿನಲ್ಲಿ ನಾವು ಕೆಂಪು ಮಸಿಯಿಂದ ಗುರುತು ಹಾಕುವ ‘ಇಂಪಾರ್ಟೆಂಟ್’ ಶಬ್ದದಲ್ಲಿಯೂ ಇರುವುದು ಅದೇ. ಅದನ್ನು ನಿಷೇಧವೆಂದು ತಿಳಿದು ಪ್ರಶ್ನೆಯನ್ನು ಬಿಟ್ಟ ವಿದ್ಯಾರ್ಥಿಯನ್ನು ನಾನು ಇನ್ನೂ ಕಂಡಿಲ್ಲ. ಎರಡನೆಯ ‘ಇನ್’ ನಮಗೆ ಪರಕೀಯವೇನಲ್ಲ. ಸಂಸ್ಕೃತದ ‘ಅ, ಅನ್’, ಗ್ರೀಕಿನ ‘ಅ, ಅನ್’, ಲ್ಯಾಟಿನಿನ ‘ಇನ್’, ಇಂಗ್ಲಿಷಿನ ಸ್ವಂತ ‘ಅನ್’ ಇವೆಲ್ಲ ಒಂದೇ ಮೂಲದಿಂದ ಹುಟ್ಟಿದ ಅಣ್ಣತಮ್ಮಂದಿರೆಂದು ಭಾಷಾಶಾಸ್ತ್ರಜ್ಞರು ಸ್ಥಾಪಿಸಿದ್ದಾರೆ. ನಾವು ‘ಅನಂತ’ ಎನ್ನುವಾಗ ಆಡುವ ‘ಅನ್’ ಮತ್ತು ‘ಇನ್‌ಫಿನಿಟ್’ ಎಂಬಲ್ಲಿಯ ‘ಇನ್’ ದಾಯಾದಿಗಳು.

ಇಂಥ ಮುಖಸಾಮ್ಯದ ಮೋಸ ಇಂಗ್ಲಿಷಿಗೇ ವಿಶೇಷವಾದುದೆಂದು ಯಾರೂ ಹೇಳಬಾರದು. ಅನುಕೂಲ, ಅನುಭವ, ಅನುದಿನ ಎಂಬ ಶಬ್ದಗಳನ್ನೂ ಅನುಚಿತ, ಅನುಪಮ ಎಂಬ ಶಬ್ದಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲ ಮೂರರಲ್ಲಿ ಇರುವುದು ‘ಅನು’ ಎಂಬ ಉಪಸರ್ಗ. ಉಳಿದೆರಡರಲ್ಲಿ ‘ಅನು’ವೇ ಇಲ್ಲ, ಅಲ್ಲಿರುವುದು ‘ಅನ್’ ಎಂಬ ನಿಷೇಧ, ಮುಂದಿನ ‘ಉ’ಕಾರ ಉಚಿತದ್ದು, ಉಪಮೆಯದು. ಹಾಗೆಯೇ ‘ಅನುತ್ತೀರ್ಣ’. ಈ ಶಬ್ದದ ವಿಗ್ರಹವನ್ನು ಯಾವ ವಿದ್ಯಾರ್ಥಿಗೂ ಯಾರೂ ಹೇಳಿಕೊಡಬೇಕಾಗಿಲ್ಲ, ಫಲಿತಾಂಶದ ದಿನ ಅದು ತಾನಾಗಿಯೇ ಅರ್ಥವಾಗುತ್ತದೆ. ‘ವಿ’ ಉಪಸರ್ಗವನ್ನು ಕೇಳುವುದೇ ಬೇಡ: ‘ವಿಮಲ’ದಲ್ಲಿ ಮಲವಿಲ್ಲ, ಆದರೆ ‘ವಿಖ್ಯಾತ’ನಿಗೆ ಖ್ಯಾತಿ ಹೆಚ್ಚು. ‘ಅಮೂಲ್ಯ’ವೆಂದರೆ ಬೆಲೆಯಿಲ್ಲದ ಕಸವಲ್ಲ, ಬೆಲೆ ಕಟ್ಟಲಾಗದ ರತ್ನ. ಇಂಗ್ಲಿಷಿನ ‘ಇನ್‌ವ್ಯಾಲ್ಯುಅಬಲ್’ ಅಕ್ಷರಶಃ ಇದೇ ದಾರಿಯಲ್ಲಿ ನಡೆದಿದೆ. ಇಷ್ಟಾದರೂ ನಾವು ಅಮೂಲ್ಯವನ್ನು ಕಂಡು ಎಡವುವುದಿಲ್ಲ. ಏಕೆ? ಆ ಶಬ್ದವನ್ನು ನಾವು ಪಟ್ಟಿಯಿಂದ ಕಲಿಯಲಿಲ್ಲ. ಅಜ್ಜಿಯ ಬಾಯಿಂದ, ಹರಿಕಥೆಯಿಂದ, ಮದುವೆಯ ಮಂಟಪದಲ್ಲಿ ಓದಿದ ಬಿನ್ನವತ್ತಳೆಯಿಂದ ಇಡಿಯಾಗಿ ಕೇಳಿ ಕಲಿತೆವು. ಇಂಗ್ಲಿಷ್ ಶಬ್ದವನ್ನು ಮಾತ್ರ ತುಂಡು ತುಂಡಾಗಿ ಕಲಿಯುತ್ತೇವೆ, ತುಂಡುಗಳಿಗೆ ಒಂದೊಂದೇ ಅರ್ಥವನ್ನು ಅಂಟಿಸಿಕೊಳ್ಳುತ್ತೇವೆ.

ತುಂಡು ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮಗೆ ತಿಳಿದಿರುವ ಸಂಧಿಯ ಸಹಾಯದಿಂದ ಮಾಡಿದರೆ ಅದು ಬಹಳ ಉಪಯುಕ್ತ. ‘ಇನ್’ ಎಂಬುದು ‘ಪಾಸಿಬಲ್’ನ ಹಿಂದೆ ‘ಇಮ್’ ಆಗುತ್ತದೆ, ‘ಲೀಗಲ್’ನ ಹಿಂದೆ ‘ಇಲ್’ ಆಗುತ್ತದೆ, ‘ರೆಗ್ಯುಲರ್’ನ ಹಿಂದೆ ‘ಇರ್’ ಆಗುತ್ತದೆ. ಇವನ್ನು ನಾಲ್ಕು ಬೇರೆ ಬೇರೆ ಉಪಸರ್ಗಗಳೆಂದು ಕೈಪಿಡಿ ಬರೆಯುತ್ತದೆ, ನಾವು ನಾಲ್ಕನ್ನೂ ಉರುಹೊಡೆಯುತ್ತೇವೆ. ಆದರೆ ‘ಉತ್ + ಲಂಘನ’ವು ‘ಉಲ್ಲಂಘನ’ವಾಗುವುದನ್ನು, ‘ತತ್ + ಲೀನ’ವು ‘ತಲ್ಲೀನ’ವಾಗುವುದನ್ನು ಪ್ರೌಢಶಾಲೆಯಲ್ಲಿಯೇ ಓದಿದ ವಿದ್ಯಾರ್ಥಿಗೆ ‘ಇಲ್ಲೀಗಲ್’ನಲ್ಲಿ ಎರಡು ‘ಎಲ್’ ಏಕೆ ಎಂದು ಒಂದೇ ವಾಕ್ಯದಲ್ಲಿ ತಿಳಿಸಬಹುದು. ಪ, ಬ, ಮಗಳ ಮುಂದೆ ತುಟಿ ಮುಚ್ಚಲೇಬೇಕಾದುದರಿಂದ ನಕಾರ ಮಕಾರವಾಗುತ್ತದೆ. ‘ಸಂತೋಷ’ದಲ್ಲಿ ನಕಾರವಾಗಿ ಕೇಳುವ ಸೊನ್ನೆ ‘ಸಂಪತ್ತಿ’ನಲ್ಲಿ ಮಕಾರವಾಗಿ ಕೇಳುವುದಿಲ್ಲವೇ? ಇದೂ ಅದೇ. ಹೀಗೆ ತಿಳಿದವನು ‘ಇರ್ರೆಗ್ಯುಲರ್’ ಎಂಬಲ್ಲಿ ಒಂದು ‘ಆರ್’ ಬರೆಯಬೇಕೋ ಎರಡೋ ಎಂದು ಪರೀಕ್ಷೆಯಲ್ಲಿ ಲೇಖನಿ ಕಚ್ಚಿ ಕೂರುವುದಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ವ್ಯಾಕರಣದ ಹೆಸರೆತ್ತಬಾರದೆಂಬ ಮಡಿವಂತಿಕೆ ಎಲ್ಲಿಂದ ಬಂದಿತೋ ತಿಳಿಯದು. ಮನೆಯ ದೀಪವನ್ನು ಆರಿಸಿ ನೆರೆಮನೆಯಲ್ಲಿ ಬೆಳಕು ಹುಡುಕಲು ಹೊರಟಂತೆ ಇದು.

ಇನ್ನು ಉಚ್ಚಾರದ ವಿಷಯ. ಇಲ್ಲಿ ಮಾತ್ರ ಕನ್ನಡದ ಅಭ್ಯಾಸವೇ ನಮ್ಮನ್ನು ದಾರಿ ತಪ್ಪಿಸುತ್ತದೆ; ತಪ್ಪಿಸುವ ಬಗೆಯನ್ನು ಅರಿತರೆ ಅರ್ಧ ತೊಂದರೆ ನೀಗುತ್ತದೆ. ನಮ್ಮ ಶಬ್ದದಲ್ಲಿ ನಾಲ್ಕು ಉಚ್ಚಾರಾಂಶಗಳಿವೆ: ಇನ್, ಫ್ಲ್ಯಾಮ್, ಅ, ಬಲ್. ಇವುಗಳಲ್ಲಿ ಎರಡನೆಯದರ ಮೇಲೆ ಸ್ವರಭಾರ ಬೀಳುತ್ತದೆ. ಉಳಿದವು ಅದರ ನೆರಳಿನಲ್ಲಿ ತಗ್ಗಿ ನಡೆಯುತ್ತವೆ. ನಮ್ಮವರ ಬಾಯಲ್ಲಿ ಈ ಶಬ್ದ ಮೂರು ಬಗೆಯಾಗಿ ಕೇಳಿಬರುತ್ತದೆ. ‘ಫ್ಲೇಮ್’ ಎಂಬುದನ್ನು ನೆನೆದವರು ‘ಇನ್‌ಫ್ಲೇಮಬಲ್’ ಎನ್ನುತ್ತಾರೆ. ‘ಏಬಲ್’ ಎಂಬುದನ್ನು ನೆನೆದವರು ‘ಇನ್‌ಫ್ಲಮೇಬಲ್’ ಎನ್ನುತ್ತಾರೆ. ತರಕಾರಿಯನ್ನು ‘ವೆಜಿಟೇಬಲ್’ ಮಾಡಿ ಅದಕ್ಕೊಂದು ಮೇಜು ಹಾಕಿದವರೂ ಇವರೇ. ಮೂರನೆಯವರು, ಬರಹದಲ್ಲಿ ಎರಡು ‘ಎಮ್’ ಇದೆಯಲ್ಲಾ ಎಂಬ ಪ್ರಾಮಾಣಿಕತೆಯಿಂದ, ‘ಇನ್‌ಫ್ಲಮ್ಮಬಲ್’ ಎಂದು ಮಕಾರವನ್ನು ಒತ್ತಿ ನುಡಿಯುತ್ತಾರೆ.

ಈ ಮೂರನೆಯವರ ತಪ್ಪು ಗೌರವಕ್ಕೆ ಅರ್ಹವಾದುದು. ಕನ್ನಡದಲ್ಲಿ ಬರೆದದ್ದನ್ನೆಲ್ಲ ನುಡಿಯಬೇಕು, ದ್ವಿತ್ವವಿದ್ದರೆ ಎಳೆದು ನುಡಿಯಬೇಕು. ಇಲ್ಲದಿದ್ದರೆ ‘ಕತ್ತೆ’ ‘ಕತೆ’ಯಾಗುತ್ತದೆ. ಇಂಗ್ಲಿಷಿನಲ್ಲಿ ಶಬ್ದದ ನಡುವೆ ಬರುವ ಜೋಡಿ ವ್ಯಂಜನ ನುಡಿಯಲು ಬಂದದ್ದಲ್ಲ, ಹಿಂದಿನ ಸ್ವರಕ್ಕೆ ಕಾವಲು ನಿಂತದ್ದು. ‘ಹೋಪಿಂಗ್’ನಲ್ಲಿ ಒಂದು ‘ಪಿ’, ‘ಹಾಪಿಂಗ್’ನಲ್ಲಿ ಎರಡು. ‘ಡೈನರ್’ನಲ್ಲಿ ಒಂದು ‘ಎನ್’, ‘ಡಿನರ್’ನಲ್ಲಿ ಎರಡು. ಎಂದರೆ ಜೋಡಿ ಅಕ್ಷರ ಕಂಡಲ್ಲಿ ಸಾಮಾನ್ಯವಾಗಿ ಹಿಂದಿನ ಸ್ವರ ಮೊಟಕು. ಆದುದರಿಂದಲೇ ‘ಫ್ಲೇಮ್’ನ ದೀರ್ಘ ಏಕಾರ ಇಲ್ಲಿ ‘ಫ್ಲ್ಯಾಮ್’ ಎಂದು, ‘ಬ್ಯಾಂಕ್’ನಲ್ಲಿ ಕೇಳುವ ಸ್ವರವಾಗಿ ಬದಲಾಯಿತು. ನಮ್ಮ ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನದು ಗುರು. ಅವರಲ್ಲಿ ಜೋಡಿ ಅಕ್ಷರದ ಹಿಂದಿನದು ಹ್ರಸ್ವ. ಎರಡೂ ಕಡೆ ಹಿಂದಕ್ಕೆ ತಿರುಗಿ ನೋಡುವ ಅಭ್ಯಾಸ ಒಂದೇ, ಫಲ ಬೇರೆ.

ಸ್ವರಭಾರದ್ದು ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಯಾವ ಅಕ್ಷರವನ್ನು ಒತ್ತಿ ಹೇಳಿದರೂ ಶಬ್ದದ ಅರ್ಥ ಬದಲಾಗುವುದಿಲ್ಲ. ಆದುದರಿಂದ ನಮ್ಮ ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಭಾರ ಸರಿದರೆ ಸ್ವರಗಳೇ ಬದಲಾಗುತ್ತವೆ. ‘ಪಾಸಿಬಲ್’ಗೆ ‘ಇಮ್’ ಹತ್ತಿದರೆ ಭಾರ ‘ಪಾ’ ಮೇಲೆಯೇ ಉಳಿಯುತ್ತದೆ. ಆದರೆ ‘ಫೇಮಸ್’ಗೆ ‘ಇನ್’ ಬಂದಾಗ ಭಾರ ಜಿಗಿದು ಉಪಸರ್ಗದ ಮೇಲೆ ಕೂರುತ್ತದೆ, ಏಕಾರ ಕುಗ್ಗಿಹೋಗಿ ‘ಇನ್‌ಫಮಸ್’ ಆಗುತ್ತದೆ. ‘ಫೈನೈಟ್’ ಎಂಬುದು ‘ಇನ್‌ಫಿನಿಟ್’ ಆಗುವುದೂ ಹೀಗೆಯೇ. ‘ಇನ್‌ಫೇಮಸ್’ ಎಂದು ನಾವು ಹೇಳಿದರೆ ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವನಿಗೆ ಅರೆಕ್ಷಣ ತಿಳಿಯುವುದಿಲ್ಲ. ಇದಕ್ಕೆ ಅವಮಾನಪಡಬೇಕಾದ್ದಿಲ್ಲ, ಅವನು ಕತ್ತೆಯನ್ನು ಕತೆ ಎಂದಾಗ ನಮಗೂ ತಿಳಿಯುವುದಿಲ್ಲ.

ಅಚ್ಚಗನ್ನಡದಲ್ಲಿ ನಿಷೇಧ ಎಲ್ಲಿರುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಗೈರುಹಾಜರಿ, ನಾಲಾಯಕ್ಕು ಎಂಬಂಥವು ಪಾರಸಿ ಅರಬ್ಬಿಗಳ ಕಡೆಯಿಂದ ಬಂದವು (ಮೊದಲನೆಯದು ನಮ್ಮ ಕಾಲೇಜಿನಲ್ಲಿ ಚೆನ್ನಾಗಿ ಬೇರೂರಿದೆ). ಅಸಾಧ್ಯ, ಅನರ್ಹಗಳು ಸಂಸ್ಕೃತದವು. ನಮ್ಮ ಸ್ವಂತದ್ದೆಲ್ಲ ಬಾಲದಲ್ಲಿದೆ: ಕಾಣದ, ಬಾರದ, ಅರಿಯದ. ಕನ್ನಡಿಗನು ಮಾತಿನ ಕೊನೆಯವರೆಗೆ ಕಾದು ಹೌದೋ ಅಲ್ಲವೋ ತಿಳಿಯುತ್ತಾನೆ. ಇಂಗ್ಲಿಷಿನವನು ಅನೇಕ ವೇಳೆ ಶಬ್ದದ ಬಾಗಿಲಲ್ಲೇ ತಿಳಿಯುತ್ತಾನೆ. ಬಾಗಿಲಲ್ಲಿ ನಿಂತ ‘ಇನ್’ ಯಾರ ಮನೆಯವನೆಂದು ವಿಚಾರಿಸದೆ ನಾವು ಒಳಹೊಕ್ಕರೆ ಮೇಲೆ ಹೇಳಿದ ಅನರ್ಥಕ್ಕೆ ಗುರಿಯಾಗುತ್ತೇವೆ.

ಈ ಗೊಂದಲ ನಮ್ಮದು ಮಾತ್ರವಲ್ಲ. ಲ್ಯಾಟಿನ್ ಓದುವವರು ಕಡಿಮೆಯಾದಂತೆ ಇಂಗ್ಲಿಷ್ ನಾಡುಗಳಲ್ಲಿಯೂ ಜನ ಸಂಶಯಪಡತೊಡಗಿದರು. ಅಮೆರಿಕದಲ್ಲಿ ಬೆಂಕಿ ಅನಾಹುತಗಳ ತಡೆಗಾಗಿ ದುಡಿಯುವ ಸಂಘ 1920ರ ದಶಕದಲ್ಲಿ ‘ಫ್ಲ್ಯಾಮಬಲ್’ ಎಂಬುದನ್ನೇ ಬಳಸಿರೆಂದು ಒತ್ತಾಯಿಸಿತು. ಬ್ರಿಟನ್ನಿನ ಮಾನಕ ಸಂಸ್ಥೆಯೂ 1959ರಲ್ಲಿ ಅದೇ ಸಲಹೆ ಕೊಟ್ಟಿತು. ವಿಶ್ವಸಂಸ್ಥೆ 2003ರಲ್ಲಿ ಮೊದಲು ಪ್ರಕಟಿಸಿದ, ರಾಸಾಯನಿಕಗಳ ಎಚ್ಚರಿಕೆ ಚೀಟಿಗಳ ಸಮಾನ ಕ್ರಮದಲ್ಲಿಯೂ ಇರುವುದು ‘ಫ್ಲ್ಯಾಮಬಲ್’, ಜೊತೆಗೆ ಜ್ವಾಲೆಯ ಚಿತ್ರ. ನಮ್ಮ ದೇಶದಲ್ಲಿ 1934ರ ಪೆಟ್ರೋಲಿಯಂ ಕಾಯಿದೆ ಪೆಟ್ರೋಲಿಯಮ್ಮಿನ ಲಕ್ಷಣವನ್ನು ಹೇಳುವಲ್ಲಿ ‘ಇನ್‌ಫ್ಲ್ಯಾಮಬಲ್’ ಎಂಬ ಹಳೆಯ ರೂಪವನ್ನೇ ಬಳಸಿತು. ರಸ್ತೆಯ ಮೇಲೆ ಇಂದಿಗೂ ಅದೇ ಹೆಚ್ಚಾಗಿ ಓಡಾಡುತ್ತಿದೆ.

ಶಬ್ದವೊಂದು ಬೆಂಕಿ ಹಚ್ಚಬಲ್ಲದೇ ಎಂದು ನಗುವವರು ಬೆಂಜಮಿನ್ ಲೀ ವೋರ್ಫ್ ಅವರ ಬರಹವನ್ನು ನೋಡಬೇಕು. ಹೆಸರಾಂತ ಭಾಷಾಶಾಸ್ತ್ರಜ್ಞರಾದ ಇವರು ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಬೆಂಕಿ ವಿಮೆಯ ಕಂಪೆನಿಯಲ್ಲಿ ತಪಾಸಣೆಯ ಕೆಲಸ. 1941ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಹೇಳುವ ಸಂಗತಿ ಇದು: ಪೆಟ್ರೋಲು ತುಂಬಿದ ಪೀಪಾಯಿಗಳ ಬಳಿ ಜನ ಎಚ್ಚರದಿಂದಿರುತ್ತಾರೆ, ‘ಖಾಲಿ’ ಪೀಪಾಯಿಗಳ ಬಳಿ ಬೇಜವಾಬ್ದಾರಿಯಿಂದ ಸಿಗರೇಟು ಸೇದುತ್ತಾರೆ. ಖಾಲಿ ಎನಿಸಿಕೊಂಡ ಪೀಪಾಯಿಯಲ್ಲಿ ಆವಿ ತುಂಬಿರುವುದರಿಂದ ಅದೇ ಹೆಚ್ಚು ಅಪಾಯಕರ. ‘ಖಾಲಿ’ ಎಂಬ ನಿರುಪದ್ರವಿ ಶಬ್ದ ಇಷ್ಟು ಮಾಡಬಲ್ಲದಾದರೆ, ‘ಇನ್’ ಎಂದು ಆರಂಭವಾಗುವ ಶಬ್ದ ಏನು ತಾನೇ ಮಾಡದು?

ಆದುದರಿಂದ ಎಚ್ಚರಿಕೆಯ ಫಲಕದ ಮಟ್ಟಿಗೆ ಹಳೆಯ ರೂಪವನ್ನು ಕೈಬಿಡಬೇಕೆಂಬ ಪಕ್ಷಕ್ಕೆ ನಾನು ಸೇರಿದವನು. ಪ್ರಾಣದ ಪ್ರಶ್ನೆ ಇರುವಲ್ಲಿ ವ್ಯುತ್ಪತ್ತಿಯ ಅಭಿಮಾನ ಸಲ್ಲದು. ಆದರೆ ‘ಇನ್’ ತೆಗೆದು ಅಳಿಸಿದ ಮಾತ್ರಕ್ಕೆ ನಮ್ಮ ರಸ್ತೆಯಲ್ಲಿ ಕೆಲಸ ಆಯಿತೇ? ಲಾರಿಯ ಕ್ಲೀನರು, ಡಾಬಾದ ಹುಡುಗ, ಉರುಳಿದ ಟ್ಯಾಂಕರಿನಿಂದ ಸೋರುವ ಎಣ್ಣೆಗೆ ಕೊಡ ಹಿಡಿದು ಓಡುವ ಹಳ್ಳಿಯವರು, ಇವರಿಗೆ ಎರಡು ರೂಪಗಳೂ ಒಂದೇ. ಕೆಲವು ಟ್ಯಾಂಕರುಗಳ ಮೇಲೆ ನಾಗರಿಯಲ್ಲಿ ‘ಜ್ವಲನಶೀಲ’ ಎಂದಿರುತ್ತದೆ. ಅದನ್ನು ಕನ್ನಡ ಲಿಪಿಗೆ ಇಳಿಸಿದರೂ ಪಂಡಿತರಿಗೇ ಉಪಯೋಗ. ‘ಬೇಗ ಬೆಂಕಿ ಹತ್ತುತ್ತದೆ, ಹತ್ತಿರ ಬರಬೇಡಿ’ ಎಂದು ಬರೆಯಲು ಬಣ್ಣ ಸ್ವಲ್ಪ ಹೆಚ್ಚು ಖರ್ಚಾದೀತು, ಅಷ್ಟೇ.

ತರಗತಿಯಲ್ಲಿ ಮಾತ್ರ ಈ ಶಬ್ದ ಉಳಿಯಲಿ. ನಮ್ಮ ಇಂಗ್ಲಿಷ್ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಉಪಸರ್ಗಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆಸುವ ಹೊತ್ತಿನಲ್ಲಿ, ವಾರಕ್ಕೆ ಹತ್ತು ನಿಮಿಷ, ಒಂದೊಂದೇ ಶಬ್ದವನ್ನು ತೆಗೆದುಕೊಂಡು ಅದರ ವಿಗ್ರಹವನ್ನು ಕನ್ನಡದಲ್ಲಿ ಹೇಳಿ, ಉಚ್ಚಾರವನ್ನು ನಮ್ಮೆಲ್ಲರ ಬಾಯಲ್ಲಿ ಗಟ್ಟಿಯಾಗಿ ನುಡಿಸಬೇಕು. ಮಗ್ಗಿ ಹೇಳಿದ ಬಾಯಿಗಳು ಇದಕ್ಕೆ ನಾಚುವುದಿಲ್ಲ. ಸಹಪಾಠಿಗಳಿಗೆ ಹೇಳುವುದು: ಡೇನಿಯಲ್ ಜೋನ್ಸರು 1917ರಲ್ಲಿ ಮೊದಲು ಹೊರತಂದ ಇಂಗ್ಲಿಷ್ ಉಚ್ಚಾರ ನಿಘಂಟಿನಲ್ಲಿ, ಒಳ್ಳೆಯ ಬೇರೆ ನಿಘಂಟುಗಳಲ್ಲಿಯೂ, ಭಾರ ಬೀಳುವ ಉಚ್ಚಾರಾಂಶದ ಹಿಂದೆ ಮೇಲುಗಡೆ ಪುಟ್ಟ ಲಂಬ ಗೆರೆಯೊಂದಿರುತ್ತದೆ. ಅರ್ಥ ನೋಡಿ ಪುಟ ಮುಚ್ಚುವ ಮೊದಲು ಆ ಗೆರೆಯನ್ನೂ ನೋಡಬೇಕು. ಮೊದಲ ವಾರಕ್ಕೆ ‘ಇನ್‌ವ್ಯಾಲಿಡ್’ ಎಂಬ ಶಬ್ದವನ್ನು ಸೂಚಿಸುತ್ತೇನೆ. ಗೆರೆ ‘ಇನ್’ ಹಿಂದೆ ಇದ್ದರೆ ಬಹುಕಾಲದಿಂದ ಹಾಸಿಗೆ ಹಿಡಿದ ರೋಗಿ; ‘ವ್ಯಾ’ ಹಿಂದೆ ಇದ್ದರೆ ಅಸಿಂಧು. ಪರೀಕ್ಷೆಯ ಅರ್ಜಿಯ ಮೇಲೆ ಕಚೇರಿಯವರು ಕೆಂಪು ಮಸಿಯಲ್ಲಿ ಬರೆದು ಹಿಂದಿರುಗಿಸುವುದು ಎರಡನೆಯದನ್ನು, ಅದನ್ನು ಓದಿಕೊಂಡವನು ಆಗುವುದು ಮೊದಲನೆಯದು.